ಆರ್ಲೋ ಕ್ರೌಸ್ ಶ್ರೇಣಿ ಪ್ರಕರಣ

ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಆರು ಬಗೆ. ಇದು ಯಾರೋ ಜಗಲಿ ಮೇಲೆ ಕೂತು ಹರಟಿದ ಮಾತಲ್ಲ. ಫುಟ್‌ಬಾಲ್ ಲೀಗಿನ ನಿಯಮಾವಳಿಯ ಒಂಬತ್ತನೆಯ ಅಧ್ಯಾಯದಲ್ಲಿ ಅಚ್ಚಾಗಿರುವ ಸತ್ಯ. ಆಟದಲ್ಲಿ ಚೆಂಡು ಮೊದಲು ಯಾರ ಕೈಗೆ ಬರುತ್ತದೋ, ಸೋತ ಮೇಲೆ ಬೈಗುಳ ಮೊದಲು ಯಾರ ಕಿವಿಗೆ ಬೀಳುತ್ತದೋ ಅವನೇ ಕ್ವಾರ್ಟರ್‌ಬ್ಯಾಕ್. ಅಂಥವರೆಲ್ಲರನ್ನೂ ಗುಣ ಮತ್ತು ಭವಿಷ್ಯ ಎಂಬ ಎರಡು ಕಲಮುಗಳಲ್ಲಿ ತೂಗಿ, ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಶ್ರೇಣಿ ಕಚೇರಿಯವರು ಪಟ್ಟಿ ಹೊರಡಿಸತಕ್ಕದ್ದು. ದೇಶದ ಜನ ಆ ಪಟ್ಟಿ ಹಿಡಿದು ಮುಂದಿನ ಮಂಗಳವಾರದವರೆಗೆ ಜಗಳವಾಡತಕ್ಕದ್ದು.

ಕಾಲಿನಿಂದ ಅಪರೂಪಕ್ಕೆ ಮುಟ್ಟುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವರೇ ಶ್ರೇಣಿಗಳಿಗೂ ಹೆಸರಿಟ್ಟರು. ಮೊದಲನೆಯದು ‘ಯುಗಪುರುಷ’. ಎರಡನೆಯದು ‘ಇನ್ನೇನು ಯುಗಪುರುಷ’. ಮೂರನೆಯದು ‘ಗೆದ್ದರೆ ತನ್ನಿಂದ, ಸೋತರೆ ಪರರಿಂದ’. ನಾಲ್ಕನೆಯದು ‘ಅಡ್ಡಿಯಿಲ್ಲ’. ಐದನೆಯದು ಮೂರನೆಯದನ್ನೇ ತಲೆಕೆಳಗು ಮಾಡಿದ್ದು: ‘ಗೆದ್ದರೆ ಪರರಿಂದ, ಸೋತರೆ ತನ್ನಿಂದ’. ಆರನೆಯದಕ್ಕೆ ‘ಒಳ್ಳೆಯ ಮನುಷ್ಯ’ ಎಂದು ಹೆಸರು. ಇದಕ್ಕಿಂತ ಕೆಟ್ಟ ಮಾತು ಫುಟ್‌ಬಾಲಿನಲ್ಲಿ ಇಲ್ಲ. ಒಳ್ಳೆಯ ಮನುಷ್ಯ ಎಂದು ಮಂಗಳವಾರ ಘೋಷಿತನಾದವನು ಬುಧವಾರ ಸಂಜೆ ಐದರೊಳಗೆ ಲಾಕರ್ ಖಾಲಿ ಮಾಡಿ, ಕೀಲಿಕೈ ಒಪ್ಪಿಸಿ ಹೊರಡಬೇಕು.

ಓಹಾಯೋ ಸೀಮೆಯ ಟಾಲ್‌ಮನ್ ಊರಿನ ‘ಪ್ಲಂಬರ್ಸ್’ ತಂಡದ ಆರ್ಲೋ ಕ್ರೌಸ್ ನಾಲ್ಕು ವರ್ಷದಿಂದ ಐದನೆಯ ಶ್ರೇಣಿಯಲ್ಲಿದ್ದ. ಅವನ ಅಪ್ಪ, ತಾತ ಇಬ್ಬರೂ ಇದೇ ಊರಿನ ಕಾರ್ಖಾನೆಯಲ್ಲಿ ಸ್ನಾನದ ತೊಟ್ಟಿ ಎರಕ ಹೊಯ್ದವರು. ಆರ್ಲೋಗೆ ಬೇಕಾಗಿದ್ದು ಒಂದೇ: ಪ್ಲಂಬರ್ಸ್ ತಂಡದ ಅಂಗಿ ತನ್ನ ಮೈಮೇಲೆ ಇರಬೇಕು. ಬೇರೆ ಊರಿನ ಅಂಗಿ ಬೇಡ, ಬೇರೆ ಕೆಲಸ ಗೊತ್ತಿಲ್ಲ.

ಅಕ್ಟೋಬರಿನ ಮೊದಲ ಭಾನುವಾರ ಅವನು ಲ್ಯಾಂಟರ್ನ್ಸ್ ತಂಡವನ್ನು ಮೂವತ್ತೊಂದು–ಹತ್ತು ಅಂಕಗಳಿಂದ ಮಣ್ಣು ಮುಕ್ಕಿಸಿದ. ಮಂಗಳವಾರ ಬೌಲಿಂಗ್ ಆಡುವ ಜಾಗದಲ್ಲಿ ಊರಿನವರೆಲ್ಲ ಎಂದಿನಂತೆ ಕಾಫಿ, ಡೋನಟ್ ಹಿಡಿದು ಸೇರಿದರು. ಆ ಜಾಗದ ಮಾಲೀಕ ಸ್ಟಾನ್ ವೋಯ್ಚಿಕ್ ಕುರ್ಚಿ ಹತ್ತಿ ನಿಂತು ಪಟ್ಟಿ ಓದಿದ.

"ಕ್ರೌಸ್, ಆರ್ಲೋ. ಐದು. ಷರಾ: ಅಂಚಿನಲ್ಲಿ. ಆರಕ್ಕೆ ಜಾರುವ ಸಂಭವ."

"ಗೆದ್ದಿದಾನಲ್ರೀ!" ಅಂತ ಒಬ್ಬ ಕೂಗಿದ.

"ಅದಕ್ಕೇ ಇರ್ಬೇಕು," ಅಂದ ಸ್ಟಾನ್. "ಏನೋ ಆರ್ಲೋ, ಹಿಂಗೇ ಇನ್ನೆರಡು ಗೆದ್ರೆ ಮನೆಗೆ ಹೋಗ್ತೀಯಲ್ಲೋ!"

ಎಲ್ಲರೂ ನಕ್ಕರು. ಆರ್ಲೋನೂ ನಕ್ಕ. ಆಮೇಲೆ ಕಾರು ಹತ್ತಿ ನೇರ ಶ್ರೇಣಿ ಕಚೇರಿಗೆ ಹೋದ.

ಶ್ರೇಣಿ ಆಯುಕ್ತರಾದ ಪ್ರೆಸ್ಟನ್ ಲಿಲಿಯವರು ಮೂಲತಃ ಮೊಟ್ಟೆಯವರು. ಇಪ್ಪತ್ತೆರಡು ವರ್ಷ ಕೋಳಿಮೊಟ್ಟೆಗಳನ್ನು ದೀಪಕ್ಕೆ ಹಿಡಿದು ಎಎ, ಎ, ಬಿ ಎಂದು ವಿಂಗಡಿಸಿದವರು. ಅಷ್ಟು ವರ್ಷದಲ್ಲಿ ಒಂದು ಮೊಟ್ಟೆಯೂ ಅವರ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಿರಲಿಲ್ಲ. ಈ ನಿಷ್ಪಕ್ಷಪಾತಕ್ಕೆ ಮೆಚ್ಚಿಯೇ ಲೀಗಿನವರು ಅವರನ್ನು ಕರೆತಂದದ್ದು. ದೀಪವನ್ನು ಅವರು ಜೊತೆಗೇ ತಂದಿದ್ದರು.

"ಸಾರ್, ಭಾನುವಾರ ಗೆದ್ದೆ," ಅಂದ ಆರ್ಲೋ.

"ನೋಡಿದೆ."

"ಚೆಂಡು ಗಡಿ ದಾಟೋ ಹಾಗೆ ನಾಲ್ಕು ಟಚ್‌ಡೌನ್ ಎಸೆದೆ ಸಾರ್."

"ಅದನ್ನೂ ನೋಡಿದೆ ಕ್ರೌಸ್ ಅವರೇ. ಅಲ್ಲೇ ಎಡವಟ್ಟಾಗಿದ್ದು." ಲಿಲಿಯವರು ಕನ್ನಡಕ ಒರೆಸಿಕೊಂಡರು. "ಗುಣ ಅಂತ ಒಂದು ಕಲಂ, ಭವಿಷ್ಯ ಅಂತ ಒಂದು ಕಲಂ. ನಿಮ್ಮೊಳಗೆ ಏನಿದೆ ಅಂತ ನೀವು ತೋರಿಸ್ಬಿಟ್ರೆ ಅಷ್ಟನ್ನ ಭವಿಷ್ಯದಿಂದ ಕಳೀಲೇಬೇಕು. ಇಲ್ಲಾಂದ್ರೆ ಒಂದೇ ಸರಕನ್ನ ಎರಡು ಸಲ ಎಣಿಸಿದ ಹಾಗಾಗುತ್ತೆ."

"ಸೋತಿದ್ರೆ?"

"ಗುಣದಿಂದ ಕಳೀತಿದ್ವಿ."

"ಅಂದ್ರೆ ಗೆದ್ರೆ ಭವಿಷ್ಯ ಹೋಗುತ್ತೆ, ಸೋತ್ರೆ ಗುಣ ಹೋಗುತ್ತೆ."

"ನಿಮಗೆ ಬೇಗ ಅರ್ಥ ಆಯ್ತು. ಬೇರೆಯವರಿಗೆ ಎರಡು ತಾಸು ಹಿಡಿಯುತ್ತೆ." ಆಯುಕ್ತರು ಪ್ರೀತಿಯಿಂದ ಅಂದರು. "ನೋಡಿ, ಮೊಟ್ಟೆಗೆ ದರ್ಜೆ ಕೊಡೋದು ಒಡೆಯೋಕೆ ಮುಂಚೆ. ಒಡೆದ ಮೇಲೆ ಅದು ಎಎ ಆಗಿದ್ರೂ ಆಮ್ಲೆಟ್ಟೇ. ನೀವು ಪ್ರತಿ ಭಾನುವಾರ ಹೋಗಿ ಒಡೆದುಕೊಂಡು ಬರ್ತೀರಿ. ನಿಮ್ಮದೇ ತಂಡದ ಬೀಸ್ಲಿಯನ್ನ ನೋಡಿ ಕಲೀರಿ."

ಟ್ಯಾನರ್ ಬೀಸ್ಲಿ ಪ್ಲಂಬರ್ಸ್ ತಂಡದ ಎರಡನೇ ಕ್ವಾರ್ಟರ್‌ಬ್ಯಾಕ್, ಇಪ್ಪತ್ತೆರಡು ವಯಸ್ಸು. ಆಯ್ಕೆಯ ದಿನ ಚಡ್ಡಿಯಲ್ಲಿ ನಿಲ್ಲಿಸಿ ಅಳೆದಾಗ ಅವನ ಅಂಗೈ ಕಿರುಬೆರಳಿನಿಂದ ಹೆಬ್ಬೆರಳಿಗೆ ಹತ್ತೂಮುಕ್ಕಾಲು ಇಂಚು ಬಂದು, ಅಳೆಯುತ್ತಿದ್ದವರು ಟೇಪು ಬಿಟ್ಟು ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ಅವನು ಒಂದನೇ ಶ್ರೇಣಿ. ಒಂದು ನಿಮಿಷವೂ ಆಡಿರಲಿಲ್ಲ. ಯುಗಪುರುಷನನ್ನು ಮೈದಾನಕ್ಕಿಳಿಸಿ ಹಾಳುಮಾಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಅದಕ್ಕೇ ಆರ್ಲೋ ಆಡುತ್ತಿದ್ದ.

ಮುಂದಿನ ವಾರ ಪ್ಲಂಬರ್ಸ್‌ಗೆ ಬಿಡುವಿನ ವಾರ. ಪ್ರತಿ ತಂಡಕ್ಕೂ ವರ್ಷದಲ್ಲಿ ಒಂದು ಭಾನುವಾರ ಪಂದ್ಯವಿರುವುದಿಲ್ಲ. ಆರ್ಲೋ ಮನೆ ಬೇಲಿಗೆ ಬಣ್ಣ ಹೊಡೆದ, ಹೆಂಡತಿ ಡೀನಾ ಮಾಡಿದ ಆಲೂಗಡ್ಡೆ ಸಾಲಡ್ ಎರಡು ಸಲ ಹಾಕಿಸಿಕೊಂಡ, ಸೋಫಾ ಮೇಲೆ ಬಾಯಿ ತೆರೆದು ನಿದ್ದೆ ಹೊಡೆದ. ಮಂಗಳವಾರದ ಪಟ್ಟಿಯಲ್ಲಿ ಅವನು ಮೂರನೆಯ ಶ್ರೇಣಿಗೆ ಏರಿದ್ದ. ಷರಾ: ‘ಈ ವಾರ ಚೆಂಡನ್ನು ಎದುರಾಳಿಗಳಿಗೆ ಒಮ್ಮೆಯೂ ಬಿಟ್ಟುಕೊಟ್ಟಿಲ್ಲ. ಒತ್ತಡದಲ್ಲೂ ಶಾಂತಚಿತ್ತ. ಗಮನಾರ್ಹ ಪ್ರಗತಿ.’

ಕೋಚ್ ಬಡ್ ಹೆನ್ನಿಗನ್ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಕೋಚ್ ಮೂವತ್ತು ವರ್ಷ ಸೀಟಿ ಊದಿ ಊದಿ ಮಾತಾಡುವಾಗಲೂ ತುಟಿ ಚೂಪು ಮಾಡುತ್ತಿದ್ದರು.

"ಲೋ, ಏನು ಮಾಡ್ದೆ ಹೋದ ವಾರ?"

"ಬೇಲಿಗೆ ಬಣ್ಣ ಹೊಡ್ದೆ ಕೋಚ್."

"ಯಾವ ಬಣ್ಣ?"

"ಬಿಳಿ."

ಕೋಚ್ ಬರೆದುಕೊಂಡರು. ಇದು ಹೇಗೋ ಹೊರಗೆ ಹೋಯಿತು. ಆ ವಾರ ಲೀಗಿನ ಕ್ವಾರ್ಟರ್‌ಬ್ಯಾಕ್‌ಗಳು ಇದ್ದಬದ್ದ ಬೇಲಿಗೆಲ್ಲ ಬಳಿದು, ಆರು ರಾಜ್ಯಗಳಲ್ಲಿ ಬಿಳಿ ಬಣ್ಣ ಸಿಗದೆ ಹೋಯಿತು. ಬೇಲಿ ಇಲ್ಲದವನೊಬ್ಬ ಬೇಲಿ ಹಾಕಿಸಿದ. ಆದರೆ ಅವರೆಲ್ಲ ಬಳಿದ ಮೇಲೆ ಭಾನುವಾರ ಹೋಗಿ ಆಡಿಯೂ ಬಂದರು, ಅದಕ್ಕೇ ಯಾರೂ ಏರಲಿಲ್ಲ. ಗುಟ್ಟು ಬಣ್ಣದಲ್ಲಿಲ್ಲ ಎಂದು ಮೊದಲು, ಆ ಭಾನುವಾರದ ಪಂದ್ಯಕ್ಕೂ ಮುಂಚೆಯೇ, ಕಂಡುಕೊಂಡದ್ದು ಕೋಚ್.

"ನಿನ್ನ ಹೆಬ್ಬೆರಳು ನೋಯ್ತಿದೆ," ಅಂದರು.

"ಇಲ್ಲ ಕೋಚ್."

"ನೋಯುತ್ತೆ ಇರು." ತಂಡದ ಡಾಕ್ಟರು ‘ನೋವು ಬರುವ ಉಜ್ವಲ ಭವಿಷ್ಯವುಳ್ಳ ಹೆಬ್ಬೆರಳು’ ಎಂದು ಬರೆದು ಮೊಹರು ಒತ್ತಿದರು. ಆರ್ಲೋ ಅಂಗಿ ತೊಟ್ಟು, ತಲೆಗೆ ಟೋಪಿ ಇಟ್ಟು ಬೆಂಚಿನ ಮೇಲೆ ಕೂತ. ಎರಡನೆಯ ಶ್ರೇಣಿ.

ಅವನು ಕೂತನೆಂದ ಮೇಲೆ ಇನ್ನೊಬ್ಬ ಏಳಲೇಬೇಕಲ್ಲ. ಬೀಸ್ಲಿಯ ಕೈಗೆ ಚೆಂಡು ಬಂತು. ಪಾಪ, ಆ ಹುಡುಗನಿಗೆ ಒಳಗೊಳಗೇ ಆಸೆಯಿತ್ತು. ಮೂರು ಟಚ್‌ಡೌನ್ ಎಸೆದ, ತಂಡವನ್ನು ಗೆಲ್ಲಿಸಿದ. ಮಂಗಳವಾರ ಒಂದರಿಂದ ಐದಕ್ಕೆ ಬಿದ್ದ. ಮುಂದಿನ ಭಾನುವಾರ ಇನ್ನೂ ಚೆನ್ನಾಗಿ ಆಡಿದ. ಬುಧವಾರ ಸಂಜೆ ನಾಲ್ಕೂವರೆಗೆ ಲಾಕರ್ ಖಾಲಿ ಮಾಡುತ್ತಿದ್ದ.

"ಅಣ್ಣಾ, ಚೆನ್ನಾಗೇ ಆಡಿದ್ನಲ್ಲಾ?"

"ಚೆನ್ನಾಗೇ ಆಡ್ದೆ ಕಣೋ."

"ಮತ್ತೆ?"

"ಅದೇ."

ಬೀಸ್ಲಿ ಶೂಗಳನ್ನು ಚೀಲಕ್ಕೆ ತುರುಕಿದ. ಸಮಾಧಾನ ಮಾಡಲು ಆರ್ಲೋ ಬಾಯಿ ತೆರೆದ. "ನೀನು ಒಳ್ಳೆ ಮನುಷ್ಯ ಕಣೋ..." ಎಂದುಬಿಟ್ಟ. ಬೀಸ್ಲಿ ಲಾಕರಿನ ಬಾಗಿಲಿಗೆ ಗುದ್ದಿದ ಸದ್ದು ಪಾರ್ಕಿಂಗಿನವರೆಗೂ ಕೇಳಿಸಿತು.

ಇದಾದ ಮೇಲೆ ಉಳಿದ ತಂಡಗಳೂ ಕಣ್ಣುಬಿಟ್ಟವು. ಎರಡೇ ವಾರದಲ್ಲಿ ದೇಶದ ಕ್ವಾರ್ಟರ್‌ಬ್ಯಾಕ್‌ಗಳ ಹೆಬ್ಬೆರಳು, ಮೊಣಕೈ, ಪಕ್ಕೆಲುಬುಗಳಿಗೆಲ್ಲ ಉಜ್ವಲ ಭವಿಷ್ಯ ಬಂತು. ಲೀಗಿನವರು ಗೊಂದಲ ತಪ್ಪಿಸಲು ಸುತ್ತೋಲೆ ಹೊರಡಿಸಿದರು:

‘ಕ್ವಾರ್ಟರ್‌ಬ್ಯಾಕ್‌ಗಳ ಗುಣಮಟ್ಟ ಕಾಪಾಡುವ ದೃಷ್ಟಿಯಿಂದ, ಇನ್ನು ಮುಂದೆ ಯಾವನೇ ಕ್ವಾರ್ಟರ್‌ಬ್ಯಾಕ್ ಆಡತಕ್ಕದ್ದಲ್ಲ. ಮೈದಾನದಲ್ಲಾಗಲಿ, ಹೊರಗಾಗಲಿ, ಚೆಂಡು ಅಥವಾ ಚೆಂಡನ್ನು ಹೋಲುವ ವಸ್ತುವನ್ನು ಎಸೆಯತಕ್ಕದ್ದಲ್ಲ. ಎಸೆದುದು ಸಾಬೀತಾದರೆ ಅಂಥವನನ್ನು ನೇರವಾಗಿ ಒಳ್ಳೆಯ ಮನುಷ್ಯನೆಂದು ಘೋಷಿಸಲಾಗುವುದು.’

ಪಂದ್ಯಗಳೇನೂ ನಿಲ್ಲಲಿಲ್ಲ. ನಡುವಿನವನು ಚೆಂಡನ್ನು ಕಾಲ ಸಂದಿಯಿಂದ ಎಂದಿನಂತೆ ಹಿಂದಕ್ಕೆ ಕೊಡುತ್ತಿದ್ದ. ತೆಗೆದುಕೊಳ್ಳುವವನಿಲ್ಲದೆ ಅದು ಉರುಳುತ್ತಿತ್ತು. ಇಪ್ಪತ್ತು ಮಂದಿ ಅದರ ಮೇಲೆ ಬೀಳುತ್ತಿದ್ದರು. ದೂರದ ಸೀಟಿನವರಿಗೆ ಮೊದಲಿಗೂ ಈಗಿಗೂ ವ್ಯತ್ಯಾಸ ಕಾಣಲಿಲ್ಲ. ಟೀವಿಯಲ್ಲಿ ಪಂಡಿತರು ಬೆಂಚನ್ನೇ ತೋರಿಸಿ ವಿಶ್ಲೇಷಣೆ ಮಾಡಿದರು. "ಕ್ರೌಸ್ ಕೂರುವಾಗ ಬೆನ್ನು ನೋಡ್ರೀ, ಬೆನ್ನು! ಬಲಗಾಲು ಎಡಗಾಲಿನ ಮೇಲೆ ಹಾಕೋದು ಅವನ ಹುಟ್ಟುಗುಣ, ಕಲಿಸಿದ್ರೆ ಬರೋದಲ್ಲ." ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತ ಗಾದೆ ಕಟ್ಟಿದವನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಆರ್ಲೋ ಬೆಂಚಿನ ಮೇಲೆ ಕೂತು ಒಂಬತ್ತು ವಾರ ಕಳೆಯಿತು. ವರ್ಷದ ಕೊನೆಯ ಪಟ್ಟಿಗೆ ಮೂರೇ ದಿನ ಉಳಿದಿತ್ತು. ಆರ್ಲೋ ಎರಡನೆಯ ಶ್ರೇಣಿಯಲ್ಲಿ ಭದ್ರವಾಗಿದ್ದ. ಅಂಗಿ ಮೈಮೇಲಿತ್ತು, ಊರಿನವರು ಬೀದಿಯಲ್ಲಿ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು. ಆದರೆ ಭುಜ ಮಾತು ಕೇಳುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಬನ್ನು ಕಂಡರೆ ಎತ್ತಿ ತೂಗುತ್ತಿದ್ದ. ಅಂಗಡಿಯಲ್ಲಿ ಕಲ್ಲಂಗಡಿ ಹಣ್ಣಿನ ಮುಂದೆ ನಿಂತುಬಿಡುತ್ತಿದ್ದ.

"ನಿನ್ನ ಅವಸ್ಥೆ ನೋಡೋಕಾಗಲ್ಲ," ಅಂದಳು ಡೀನಾ. ಅವಳು ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದವಳು, ಬಾಯಿ ತೆರೆಸಿದ ಮೇಲೆ ಪೂರ್ತಿ ತೊಳೆದೇ ಬಿಡುವ ಪೈಕಿ. "ಹಿತ್ತಲಿಗೆ ಬಾ. ಒಂದೇ ಒಂದು ಎಸಿ, ಪೀಡೆ ತೊಲಗ್ಲಿ. ನಾನು ಹಿಡೀತೀನಿ."

"ಯಾರಾದ್ರೂ ನೋಡಿದ್ರೆ?"

"ಶನಿವಾರ ಮಧ್ಯಾಹ್ನ ಯಾರಿರ್ತಾರೆ? ಎಲ್ಲ ನೀನು ಕೂತಿದ್ದನ್ನ ಟೀವೀಲಿ ಮತ್ತೆ ನೋಡ್ತಿರ್ತಾರೆ."

ಡೀನಾ ಗ್ಯಾರೇಜಿನ ಆಚೆ ಸೇಬಿನ ಮರದ ಹತ್ತಿರ ಹೋಗಿ ಕೈ ಚಾಚಿ ನಿಂತಳು. ಆರ್ಲೋ ಚೆಂಡಿನ ಹೊಲಿಗೆಯ ಮೇಲೆ ಬೆರಳು ಇಟ್ಟ. ಒಂಬತ್ತು ವಾರದ್ದೆಲ್ಲ ಆ ಒಂದು ಕೈಯಲ್ಲಿ ಸೇರಿಕೊಂಡಿತ್ತೋ ಏನೋ. ಚೆಂಡು ಡೀನಾಳ ತಲೆ ದಾಟಿತು, ಸೇಬಿನ ಮರ ದಾಟಿತು, ಸೂರ್ಯನಿಗೆ ಅಡ್ಡ ಬಂತು, ಇಬ್ಬರ ಕಣ್ಣಿಗೂ ಕತ್ತಲೆ ಬಂದು ಆಮೇಲೆ ಕಾಣಲಿಲ್ಲ. ಎಲ್ಲೂ ಬಿದ್ದ ಸದ್ದಾಗಲಿಲ್ಲ.

ಪಕ್ಕದ ಮನೆಯ ಕಿಟಕಿಯ ಪರದೆ ಅಲ್ಲಾಡಿತು. ಅದು ಮಿಸೆಸ್ ಗ್ರೇಟಾ ಪಾಲ್ಸನ್ ಅವರ ಅಡುಗೆಮನೆ. ನಲವತ್ತು ವರ್ಷದಿಂದ ಒಂದು ಪಂದ್ಯವನ್ನೂ ತಪ್ಪಿಸದ ಪ್ಲಂಬರ್ಸ್ ಅಭಿಮಾನಿ. ನಾಗರಿಕಳಾಗಿ ತಮ್ಮ ಕರ್ತವ್ಯವೆಂದು, ಕಣ್ಣೀರು ಒರೆಸಿಕೊಳ್ಳುತ್ತಲೇ ಅವರು ಶ್ರೇಣಿ ಕಚೇರಿಗೆ ದೂರು ಬರೆದರು.

ಸೋಮವಾರ ಬೆಳಿಗ್ಗೆ ಎಸೆತ ತನಿಖಾ ಸಭೆ ಸೇರಿತು. ನಡುವೆ ಲಿಲಿಯವರು, ಎಡಬಲಕ್ಕೆ ಇಬ್ಬರು ಸದಸ್ಯರು. ಆರ್ಲೋನನ್ನು ಮೊಟ್ಟೆಯ ದೀಪದ ಎದುರು ನಿಲ್ಲಿಸಿ, ಒಂದು ಸುತ್ತು ತಿರುಗಿಸಿ ನೋಡಿದರು. ಹಿಂದಿನ ಸಾಲಿನಲ್ಲಿ ಕೋಚ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಕಚ್ಚುತ್ತಿದ್ದರು. ಆರ್ಲೋ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದ, ಈಗಲೇ ಯಾರೋ ಬಿಚ್ಚಿಸಿಕೊಳ್ಳುತ್ತಾರೆ ಅನ್ನುವ ಹಾಗೆ.

"ಮಿಸೆಸ್ ಪಾಲ್ಸನ್, ನೀವು ಏನು ನೋಡಿದ್ರಿ?"

"ಅವನು ಕೈ ಎತ್ತಿದ. ಚೆಂಡು ಹೊರಟಿತು. ದೇವರಾಣೆ, ಎಷ್ಟು ಚೆಂದ ಹೊರಟಿತು ಅಂತೀರಿ! ಆಮೇಲೆ ಕಿಟಕಿಗೆ ಸೂರು ಅಡ್ಡ."

ಲಿಲಿಯವರು ಡೀನಾಳ ಕಡೆ ತಿರುಗಿದರು. "ಅಮ್ಮಾ, ಸತ್ಯ ಹೇಳಬೇಕು. ಚೆಂಡನ್ನ ನೀವು ಹಿಡಿದ್ರಾ?"

ಹಿಡಿದೆ ಅಂದರೆ ಆರ್ಲೋಗೆ ಎಸೆಯಲು ಬರುತ್ತದೆಂದು ಗೊತ್ತಾಗಿಬಿಡುತ್ತದೆ, ಆರನೇ ಶ್ರೇಣಿ. ಕೆಳಗೆ ಬಿತ್ತು ಅಂದರೆ ಬರುವುದಿಲ್ಲವೆಂದು ಗೊತ್ತಾಗಿಬಿಡುತ್ತದೆ, ಆಗಲೂ ಆರನೇ ಶ್ರೇಣಿ. ಡೀನಾಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಗಂಡನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಹಿಡೀಲಿಲ್ಲ ಸಾರ್."

"ಹಾಗಾದ್ರೆ ಬಿತ್ತು."

"ಬಿದ್ದಿದ್ದನ್ನೂ ನೋಡ್ಲಿಲ್ಲ. ಹಿತ್ತಲೆಲ್ಲ ಹುಡುಕಿದ್ವಿ. ಬೀದಿ ಹುಡುಕಿದ್ವಿ. ಇಲ್ಲ."

"ಈಗ ಚೆಂಡು ಎಲ್ಲಿದೆ?"

"ನಿಮಗೆ ಗೊತ್ತಿದ್ರೆ ನೀವೇ ಹೇಳಿ ಸಾರ್. ಬಿದ್ದಿಲ್ಲ, ಯಾರೂ ಹಿಡ್ದಿಲ್ಲ ಅಂದ್ಮೇಲೆ ಇನ್ನೂ ಹೋಗ್ತಾ ಇದೆ ಅಂತ ತಾನೇ?"

ಲಿಲಿಯವರು ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಎಡಗಡೆಯ ಸದಸ್ಯರು ಪೆನ್ಸಿಲ್ ಕಿವಿಯಿಂದಿಳಿಸಿ ಕೇಳಿದರು, "ಎಸೆತದ ಉದ್ದ ಎಷ್ಟು ಅಂತ ಬರೀಲಿ?"

"ಇಲ್ಲಿಯವರೆಗೆ ಎರಡು ದಿನ ಅಂತ ಬರೀರಿ," ಅಂದರು ಲಿಲಿಯವರು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಮೊಟ್ಟೆ ಅವರ ಕೈಗೆ ಬಂದಿರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಸ್ಟಾನ್ ವೋಯ್ಚಿಕ್ ಕುರ್ಚಿ ಹತ್ತಿ ಓದಿದ: ‘ಸದರಿ ಎಸೆತವು ಇನ್ನೂ ಜಾರಿಯಲ್ಲಿರುವುದರಿಂದ ಎಸೆದು ಮುಗಿದುದು ಸಾಬೀತಾಗಿಲ್ಲ, ಅದರ ಫಲಿತಾಂಶವೂ ಯಾರಿಗೂ ತಿಳಿದಿಲ್ಲ. ಫಲಿತಾಂಶ ತಿಳಿಯದ ಎಸೆತವು ಪೂರ್ತಿಯಾಗಿ ಭವಿಷ್ಯ. ಆದ್ದರಿಂದ ಕ್ರೌಸ್, ಆರ್ಲೋ: ಒಂದನೇ ಶ್ರೇಣಿ. ಚೆಂಡು ಇಳಿಯುವ ತನಕ ಇದನ್ನು ಮರುಪರಿಶೀಲಿಸತಕ್ಕದ್ದಲ್ಲ. ಚೆಂಡನ್ನು ಹುಡುಕತಕ್ಕದ್ದಲ್ಲ. ಅಕಸ್ಮಾತ್ ಕಂಡವರು, ತಮಗೆ ಕಂಡಿಲ್ಲವೆಂದು ಮೂರು ಪ್ರತಿಗಳಲ್ಲಿ ಬರೆದುಕೊಡತಕ್ಕದ್ದು.’

ಬೌಲಿಂಗ್ ಜಾಗದಲ್ಲಿ ಡೋನಟ್‌ಗಳು ಹಾರಾಡಿದವು. ಎಸೆದವರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಇರಲಿಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಕೋಚ್ ಆರ್ಲೋನನ್ನು ತಬ್ಬಿಕೊಂಡು, "ಲೋ, ಇನ್ನು ಈ ಅಂಗಿ ನಿನ್ನ ಮೈಮೇಲಿಂದ ಕೀಳೋಕೆ ಯಾರಪ್ಪನ ಕೈಲೂ ಆಗಲ್ಲ ಕಣೋ," ಅಂದರು. ಆರ್ಲೋ ತಲೆಯಾಡಿಸಿದ. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡ.

ಭಾನುವಾರ ಅರವತ್ತು ಸಾವಿರ ಜನ ಕ್ರೀಡಾಂಗಣಕ್ಕೆ ಬಂದು ಮೈದಾನ ಬಿಟ್ಟು ಆಕಾಶ ನೋಡಿದರು. ಕತ್ತು ಉಳುಕಿದವರಿಗೆ ಔಷಧಿ ಹಚ್ಚಲು ಪ್ರತ್ಯೇಕ ಸಾಲು ಮಾಡಲಾಯಿತು. ಬೆಂಚಿನ ಮೇಲೆ ಯುಗಪುರುಷ ಬಲಗಾಲು ಎಡಗಾಲಿನ ಮೇಲೆ ಹಾಕಿ ಕೂತಿದ್ದ.

ಮಾರ್ಚಿನಲ್ಲಿ ಹಿಮ ಕರಗಿ ಮಳೆ ಶುರುವಾಯಿತು. ಒಂದು ಬೆಳಿಗ್ಗೆ ಆರ್ಲೋ ಕಸದ ಡಬ್ಬ ಇಡಲು ಹೊರಗೆ ಬಂದ. ಪಕ್ಕದ ಮನೆಯ ಸೂರಂಚಿಗೆ ಕಟ್ಟಿದ ತಗಡಿನ ದೋಣಿಯ ತುಂಬ ನೀರು ನಿಂತು, ಗೋಡೆಗುಂಟ ಧಾರಾಕಾರ ಸುರಿಯುತ್ತಿತ್ತು. ದೋಣಿಯ ಮೂಲೆಯಲ್ಲಿ, ಕೊಳವೆಯ ಬಾಯಿಗೆ ಗಟ್ಟಿಯಾಗಿ ಬಿರಡೆ ಹಾಕಿದಂತೆ, ಕಂದು ಬಣ್ಣದ್ದೊಂದು ಸಿಕ್ಕಿಕೊಂಡಿತ್ತು. ಬಿಳಿ ಹೊಲಿಗೆಯೂ ಕಾಣುತ್ತಿತ್ತು.

ಬೇಲಿಯ ಆಚೆ ಮಿಸೆಸ್ ಪಾಲ್ಸನ್ ಎರಡು ಬಕೆಟ್ ಹಿಡಿದು ನಿಂತಿದ್ದರು. ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು. ಮೂರು ಪ್ರತಿಗಳನ್ನು ಅವರು ಡಿಸೆಂಬರಿನಲ್ಲೇ ಬರೆದುಕೊಟ್ಟಾಗಿತ್ತು.

"ನೀರು ಎಲ್ಲಿಂದ ಬರ್ತಿದೆಯೋ ಗೊತ್ತಾಗ್ತಿಲ್ಲ ನೋಡಪ್ಪ," ಅಂದರು.

ಆರ್ಲೋನ ಬಲಗೈ ತಾನಾಗಿ ಜೇಬಿನಿಂದ ಹೊರಗೆ ಬಂತು. ಏಣಿ ಗ್ಯಾರೇಜಿನಲ್ಲೇ ಇತ್ತು. ಹತ್ತಿದರೆ ಎಂಟು ಮೆಟ್ಟಿಲು. ಅವನು ಆ ಹೊಲಿಗೆಯನ್ನು ನೋಡಿದ, ಆಮೇಲೆ ತನ್ನ ಅಂಗಿಯನ್ನು ನೋಡಿಕೊಂಡ.

"ಮಳೆ ಇರ್ಬೇಕು ಮಿಸೆಸ್ ಪಾಲ್ಸನ್."

"ಇರ್ಬೇಕು. ಅದೇನು, ಇನ್ನೂ ಹೋಗ್ತಾ ಇದೆಯೇನಪ್ಪಾ?"

"ಹೋಗ್ತಾ ಇದೆ."

"ಹೋಗ್ಲಿ. ಊರಿನ ಮರ್ಯಾದೆ."

ಇಬ್ಬರೂ ತಲೆಯೆತ್ತಿ, ತಗಡಿನ ದೋಣಿಗಿಂತ ಸರಿಯಾಗಿ ಒಂದು ಮೊಳ ಮೇಲೆ, ಖಾಲಿ ಆಕಾಶವನ್ನು ನೋಡುತ್ತ ಮಳೆಯಲ್ಲಿ ನಿಂತರು. ಆಮೇಲೆ ಆರ್ಲೋ ಬೇಲಿ ದಾಟಿ ಹೋಗಿ ಒಂದು ಬಕೆಟ್ ಇಸಿದುಕೊಂಡ. ನೀರನ್ನು ಮಾತ್ರ ಎಸೆಯಲಿಲ್ಲ. ನಿಯಮದಂತೆ, ನಿಧಾನಕ್ಕೆ, ಕೆಳಗಿಟ್ಟು ಬಗ್ಗಿಸಿದ.